ಮುದ್ದೆ ಬಿಟ್ಟವನ ಬಾಯಿ

ತಿಮ್ಮರಾಜುವಿನ ಬಾಯಿಂದ ಏನೋ ವಾಸನೆ ಬರುತ್ತಿದೆ ಎಂದು ಮೊದಲು ಕಂಡುಹಿಡಿದದ್ದು ಅವನ ಹಸು ಕೆಂಪಿ. ದಿನವೂ ಹಾಲು ಕರೆಯುವ ಮುಂಚೆ ಅದರ ಮುಖಕ್ಕೆ ಮುಖ ಕೊಟ್ಟು "ಏನವ್ವ, ಚೆನ್ನಾಗಿದ್ದೀಯಾ" ಎಂದು ಕೇಳುವುದು ಅವನ ಅಭ್ಯಾಸ. ಆ ಭಾನುವಾರವೂ ಕೇಳಿದ. ಕೆಂಪಿ ಮೂಗಿನ ಹೊಳ್ಳೆ ಅರಳಿಸಿತು, ಕುತ್ತಿಗೆಯನ್ನು ಗೋಡೆಯ ಕಡೆ ತಿರುಗಿಸಿತು, ಹಾಲು ಕರೆದು ಮುಗಿಯುವವರೆಗೂ ಗಂಡನ ಮೇಲೆ ಮುನಿದ ಹೆಂಗಸಿನ ಹಾಗೆ ಆ ಕಡೆಯೇ ನೋಡುತ್ತ ನಿಂತಿತು.

ಚಿನಕುರಳಿಯ ಪಕ್ಕದ ಊರಿನ ತಿಮ್ಮರಾಜುವಿಗೆ ಮೂವತ್ತೈದು ತುಂಬಿತ್ತು. ಕಬ್ಬಿನ ಗದ್ದೆ ಇತ್ತು, ಸೀಮೆಹಸುಗಳಿದ್ದವು, ತಾರಸಿ ಮನೆ ಇತ್ತು. ಹೆಂಡತಿ ಮಾತ್ರ ಇರಲಿಲ್ಲ. ಈ ಸೀಮೆಯಲ್ಲಿ ಈಗ ಬೋರು ಕೊರೆಸಿದರೆ ನೀರಾದರೂ ಸಿಕ್ಕೀತು, ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ. ಅಂಥದ್ದರಲ್ಲಿ ಮದುವೆ ಬ್ರೋಕರ್ ಕರಿಯಯ್ಯ ಕೆ.ಆರ್. ಪೇಟೆ ಕಡೆಯಿಂದ ಒಂದು ಸಂಬಂಧ ತಂದಿದ್ದ. "ಎಲ್ಲ ಒಪ್ಗೆ ಆಗ್ಯದೆ ಕನ. ಪೋಟೊ ನೋಡ್ಬುಟ್ಟು ಹುಡ್ಗ ವಸಿ ದಪ್ಪ ಆಯ್ತು ಅಂದ್ಲಂತೆ ಹುಡ್ಗಿ. ಅವರು ಮನೆ ನೋಡಕ್ಕೆ ಬರೋ ಅಷ್ಟರಲ್ಲಿ ಕರಗಿಸ್ಕೊ" ಎಂದಿದ್ದ.

ಕರಗಿಸುವ ದಾರಿ ತೋರಿಸಿದವನು ಪಾಂಡವಪುರದಲ್ಲಿ ಜಿಮ್ ಇಟ್ಟಿರುವ ಕಿಶನ್. ಅದರ ಹೆಸರು ಕೀಟೊ. ಮುದ್ದೆ ಇಲ್ಲ, ಅನ್ನ ಇಲ್ಲ, ಸಕ್ಕರೆ ಬೆಲ್ಲ ಇಲ್ಲ, ಬಾಳೆಹಣ್ಣೂ ಇಲ್ಲ. ಮೊಟ್ಟೆ, ಬಾಡು, ಬೆಣ್ಣೆ, ತುಪ್ಪ, ಸೊಪ್ಪು ಎಷ್ಟಾದರೂ ಸರಿ. ಹಿಟ್ಟು ಸಿಗದ ಹೊಟ್ಟೆ ಮೈಯಲ್ಲಿರುವ ಕೊಬ್ಬನ್ನೇ ಉರಿಸಿಕೊಳ್ಳುತ್ತದೆ ಎಂದು ಕಿಶನ್ ಹೇಳಿದ. ಮಂಡ್ಯದ ಮಣ್ಣಿನಲ್ಲಿ ಹುಟ್ಟಿ ಮುದ್ದೆ ಬೆಲ್ಲ ಎರಡನ್ನೂ ಬಿಡುವುದೆಂದರೆ ಮೀನಿಗೆ ನೀರು ಬಿಡು ಎಂದ ಹಾಗೆ. ಆದರೂ ತಿಮ್ಮರಾಜು ಬಿಟ್ಟ.

ಬಿಟ್ಟ ಮೇಲೆ ಶುರುವಾಯಿತು. ಊರಾಚೆಯ ಕಲ್ಲುಕೋರೆಯನ್ನು ಯಾರೋ ತಲೆಯೊಳಗೆ ತಂದಿಟ್ಟ ಹಾಗೆ ಇಡೀ ದಿನ ತಲೆ ಸಿಡಿಯಿತು. ನಡೆಯುತ್ತ ನಡೆಯುತ್ತ ಮೀನಖಂಡ ಹಿಡಿದುಕೊಂಡಿತು. ಬೆಳಗ್ಗೆ ಕಕ್ಕಸಿಗೆ ಹೋದರೆ ಫೋನಿನ ಬ್ಯಾಟರಿ ಖಾಲಿಯಾಗುತ್ತಿತ್ತು, ಹೊಟ್ಟೆ ಖಾಲಿಯಾಗುತ್ತಿರಲಿಲ್ಲ. ಗೊತ್ತಿದ್ದ ಮಾತೆಲ್ಲ ಮರೆತುಹೋಗಿ, ಅದರ ಜಾಗದಲ್ಲಿ ಸಿಟ್ಟು ಬಂದು ಕೂತಿತು. ಕಿಶನ್‌ಗೆ ಫೋನು ಮಾಡಿದರೆ, "ಮೈ ಒಗ್ಗೋ ಗಂಟ ಅಂಗೇ ಕಣಣ್ಣ. ನೀರಿಗೆ ಉಪ್ಪು ನಿಂಬೆಹಣ್ಣು ಹಾಕಿ ಕುಡಿ" ಎಂದ. ಈಗ ಎಲ್ಲದರ ಮೇಲೆ ಈ ವಾಸನೆ. ಅತಿಯಾಗಿ ಕಳಿತ ಹಲಸಿನ ಹಣ್ಣಿನ ಮೇಲೆ ಉಗುರುಬಣ್ಣದ ಶೀಷೆ ಒಡೆದರೆ ಹೇಗಿರುತ್ತದೋ ಹಾಗಿತ್ತು.

ಡೈರಿಯ ಮುಂದೆ ಹಾಲಿನ ಸಾಲಿನಲ್ಲಿ ಅವನ ಹಿಂದೆಯೇ ಪಕ್ಕದ ಮನೆ ಮಾರಮ್ಮ ನಿಂತಿದ್ದಳು.

"ಲೇ ತಿಮ್ಮ, ಬೆಳ್‌ಬೆಳಗ್ಗೇನೆ ಹಾಕ್ಬುಟ್ಟಿದ್ದೀಯಲ್ಲೊ."

"ಇನ್ನೂ ಹಾಕಿಲ್ಲ ಕನ ಚಿಕ್ಕವ್ವ. ಹಾಲು ಕ್ಯಾನಲ್ಲೇ ಅದೆ."

"ನಾನು ಹಾಲಿನ್ ಸುದ್ದಿ ಮಾತಾಡ್ತಿಲ್ಲ ಕಣ್ಲಾ. ಇವತ್ತು ಹೆಣ್ಣಿನೋರು ಬತ್ತಾವ್ರೆ ಅನ್ನೋ ಗ್ಯಾನಾನಾದ್ರೂ ಬ್ಯಾಡ್ವಾ?"

"ಮುದ್ದೆ ಬುಟ್ಟಿದ್ದೀನಿ, ಅದ್ಕೆ ಇಂಗೆ ವಾಸ್ನೆ ಬತ್ತದೆ."

"ಮುದ್ದೆ ಬುಟ್ಟು ಏನ್ ಹಿಡ್ಕಂಡಿದ್ದೀಯ ಅಂತ ಮೂಗಿಗೆ ಗೊತ್ತಾಯ್ತದೆ, ಬುಡು."

ತಿಮ್ಮರಾಜು ಸಿಟ್ಟಿನಿಂದ ಕ್ಯಾನು ಎತ್ತಿಕೊಂಡು ಹೊರಟ. ನಾಲ್ಕು ಹೆಜ್ಜೆಗೆ ಎಡಗಾಲಿನ ಮೀನಖಂಡ ಹಿಡಿಯಿತು. ಬಲಕ್ಕೆ ವಾಲಿದ, ವಿದ್ಯುತ್ ಕಂಬವನ್ನು ತಬ್ಬಿಕೊಂಡ, ಸ್ವಲ್ಪ ಹೊತ್ತು ಅದಕ್ಕೇ ಒರಗಿದ. ಸಾಲಿನಲ್ಲಿದ್ದವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ತಾಯಿ ಸೋಮಮ್ಮ ಕೋಳಿ ಸಾರಿಗೆ ಮಸಾಲೆ ರುಬ್ಬುವುದನ್ನು ನಿಲ್ಲಿಸಿ ಅಳುತ್ತಿದ್ದಳು. ಆಗಲೇ ಬಂದಿದ್ದ ಕರಿಯಯ್ಯ ಅವನ ಬಾಯಿ ಮೂಸಿ, ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ.

"ಕೆಟ್ಟೆಯಲ್ಲೋ. ಹುಡ್ಗಿ ಅಪ್ಪ ದೇವಯ್ನೋರು ಎಂಥೋರು ಅಂತ ಗೊತ್ತೇನ್ಲಾ? ಬೆಳ್ಳೂರ್ ಕ್ರಾಸಲ್ಲಿ ಒಬ್ಬ ಹುಡ್ಗನ್ನ ಬ್ಯಾಡ ಅಂದ್‌ಬುಟ್ರು. ಬಾರಿನ್ ಮುಂದೆ ಗಾಡಿ ನಿಲ್ಸಿದ್ದ ಅಷ್ಟೆ, ಪಂಚರ್ ಆಗಿ."

"ನಾನು ಕುಡಿಯಲ್ಲ ಕನ ಕರಿಯಣ್ಣ. ಇದು ಕೊಬ್ಬು ಉರಿಯೋ ವಾಸ್ನೆ."

"ಅವರ್ಗೆ ಅಂಗೆ ಹೇಳ್ನೋಡು. ಊಟಕ್ಕೆ ಕೂತ್ರೆ ನಿನ್ ಅದೃಷ್ಟ. ನೀರೂ ಮುಟ್ದೆ ಎದ್ರೆ, ಮುಂದಿನ್ ವರ್ಷ ನೋಡನ."

ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಅಲ್ಲಿಯ ರೀತಿ ಇದು. ಒಪ್ಪಿಗೆಯಾದರೆ ಮಾತ್ರ ಎಲೆ ಮುಂದೆ ಕೂರುತ್ತಾರೆ. ಮುದ್ದೆ ಮುರಿದರೆ ಮದುವೆ ನಿಶ್ಚಯವಾದ ಹಾಗೆ. ಬಾಯಲ್ಲಿ ಹೌದು ಎನ್ನುವ ಅಗತ್ಯವೇ ಇಲ್ಲ.

ಮಾರಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಗಂಡನ ಅಮಲು ಇಳಿಸಿ ಇಳಿಸಿ ಪಳಗಿದ ಕೈ ಅವಳದು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಹುಳಿಮಜ್ಜಿಗೆಯ ಚೊಂಬು ಹಿಡಿದು ಬಂದಳು. ಕರಿಯಯ್ಯ ತಿಮ್ಮರಾಜುವನ್ನು ಹಿಂದಿನಿಂದ ಹಿಡಿದುಕೊಂಡ. ಮಜ್ಜಿಗೆ ಬಾಯಿಗೆ ಹೋಯಿತು, ನಿಂಬೆಹಣ್ಣು ನೆತ್ತಿಗೆ ಹೋಯಿತು, ಮೇಲೆ ತೊಟ್ಟಿಯ ನೀರು ಬಿತ್ತು. "ಕುಡಿದಿಲ್ಲ ಅಂತ ಹೇಳ್ತಿಲ್ವೇನ್ರೊ" ಎಂದು ತಿಮ್ಮರಾಜು ಕೂಗಿದ.

"ನಮ್ಮನೆಯೋರೂ ಇಂಗೇ ಅನ್ನೋದು" ಎಂದು ಮಾರಮ್ಮ ಇನ್ನೊಂದು ಹೋಳು ಉಜ್ಜಿದಳು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು.

ದೇವಯ್ಯನವರು ಬಿಳಿ ಪಂಚೆ, ಬಿಳಿ ಮೀಸೆ. ಹಿಂದೆ ಮಗಳು ಅರ್ಪಿತ. ಅಪ್ಪ ಮಗಳು ನಡುಮನೆಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ತಿಮ್ಮರಾಜು ಮೇಜಿನ ಮೇಲೆ ಬಿಟ್ಟುಹೋಗಿದ್ದ ಬೆಳಗಿನ ತಿಂಡಿ: ಮೆಣಸಿನಪುಡಿ ಉದುರಿಸಿದ ಬೇಯಿಸಿದ ಮೊಟ್ಟೆ, ಒಂದು ತಟ್ಟೆ ಲಿವರ್ ಫ್ರೈ, ಸೋಡಾ ಶೀಷೆ, ಉಪ್ಪು ನಿಂಬೆಹಣ್ಣು ಬೆರೆಸಿದ ಅರ್ಧ ಲೋಟ. ಕೀಟೊದಲ್ಲಿ ಏನು ತಿನ್ನಬಹುದೋ ಅದನ್ನೆಲ್ಲ ಬಾರಿನವರು ನಂಚಿಕೊಳ್ಳಲು ಕೊಡುತ್ತಾರೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಎರಡನೆಯದಾಗಿ ಕಣ್ಣಿಗೆ ಬಿದ್ದವನು ಮದುವೆಗಂಡು. ತಲೆಯಿಂದ ನೀರು ಸೋರುತ್ತಿತ್ತು. ಹಣೆಯ ಮೇಲೆ ಒಂದು ನಿಂಬೆ ಬೀಜ ಅಂಟಿತ್ತು.

"ಸ್ನಾನ ಆಯ್ತು" ಎಂದ ತಿಮ್ಮರಾಜು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು.

ದೇವಯ್ಯನವರು ಮೇಜನ್ನು ನೋಡಿದರು, ಮೀಸೆ ಸವರಿದರು, ಕೂತರು. ಅರ್ಪಿತ ಮೂಲೆಯ ಕುರ್ಚಿಯಲ್ಲಿ ವೇಲನ್ನು ಮೂಗಿನವರೆಗೂ ಎಳೆದುಕೊಂಡು ಕೂತಳು. ಸೋಮಮ್ಮ ಕೇಳಿದ್ದಕ್ಕೆಲ್ಲ ತಲೆ ಆಡಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಏನು ಓದಿದ್ದೀಯವ್ವ ಎಂದಾಗ ಬಹಳ ಹೊತ್ತು ಯೋಚಿಸಿ ಅಪ್ಪನ ಮುಖ ನೋಡಿದಳು.

"ಎಷ್ಟು ನಾಚ್ಗೆ ನೋಡೆ" ಎಂದು ಸೋಮಮ್ಮ ಮಾರಮ್ಮನ ಕಿವಿಯಲ್ಲಿ ಉಸುರಿದಳು. "ಈಗಿನ್ ಕಾಲದಲ್ಲೂ ಇಂಥ ಹೆಣ್ಣುಮಕ್ಳು ಅವ್ರಲ್ಲ."

ದೇವಯ್ಯನವರು ಗಂಡಿನ ಕಡೆ ತಿರುಗಿದರು. "ಜಮೀನು ಎಷ್ಟದಪ್ಪ?"

ತಿಮ್ಮರಾಜು ತಲೆಯೊಳಗೆ ಹುಡುಕಿದ. ಕಲ್ಲುಕೋರೆಯ ಧೂಳು ಬಿಟ್ಟು ಏನೂ ಕಾಣಲಿಲ್ಲ. "ಅದೆ" ಎಂದ.

"ಅದೆ ಸರಿ, ಎಷ್ಟದೆ?"

"ಅವ್ವಂಗೆ ಗೊತ್ತು."

"ಹಸ ಎಷ್ಟವೆ?"

"ಕೆಂಪಿ ಅಂತ."

"ನಿಮ್ ತಂದೆ ಹೆಸ್ರು?"

ಗೋಡೆಯ ಮೇಲಿನ ಹಾರ ಹಾಕಿದ ಪಟದಿಂದ ಆ ತಂದೆಯೇ ಮಗನನ್ನು ನೋಡುತ್ತಿದ್ದ. "ಮುದ್ದಯ್ಯ" ಎಂದು ಮಾರಮ್ಮ ಬಾಗಿಲ ಹಿಂದಿನಿಂದ ಹೇಳಿಕೊಟ್ಟಳು. ಅದೇ ಹೊತ್ತಿಗೆ ತಿಮ್ಮರಾಜುವಿನ ಬಲಗಾಲಿನ ಮೀನಖಂಡ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತು. "ಅಯ್ಯಪ್ಪಾ" ಎಂದು ನೆಗೆದವನು ಮುಗ್ಗರಿಸಿ ದೇವಯ್ಯನವರ ಎರಡೂ ಭುಜ ಹಿಡಿದುಕೊಂಡ. ಅವನ ಬಾಯಿಗೂ ಅವರ ಮೂಗಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ದೇವಯ್ಯನವರು ಅವನ ಕೈಗಳನ್ನು ಒಂದೊಂದಾಗಿ ಬಿಡಿಸಿ ಎದ್ದು ನಿಂತರು. "ಕರಿಯಯ್ಯ, ಗಾಡಿ ತಿರುಗ್ಸಕ್ಕೆ ಹೇಳು."

ಸೋಮಮ್ಮ ಮುದ್ದೆ ಕೋಲು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದಳು. "ಹಿಟ್ಟು ಬೆಂದದೆ ಕನಣ್ಣ, ಒಂದ್ ತುತ್ತು ಉಂಡ್ಕಂಡ್ ಓಗಿ."

"ಬ್ಯಾಡ ಕನಮ್ಮ. ಉಂಡಂಗೇ ಆಯ್ತು. ವಾಸ್ನೇಲೇ ಹೊಟ್ಟೆ ತುಂಬ್ತು."

ಆಗ ಅರ್ಪಿತ ಬಂದ ಮೇಲೆ ಮೊದಲ ಸಲ ಮಾತಾಡಿದಳು, ವೇಲಿನ ಒಳಗಿನಿಂದಲೇ. "ಅಪ್ಪ, ಒಂದ್ ನಿಮಿಷ ಇರಿ. ನಾನು ಅವರತ್ರ ಒಂಟಿಯಾಗಿ ಒಂದ್ ಮಾತು ಕೇಳ್ಬೇಕು." ಯಾರಾದರೂ ಬೇಡ ಎನ್ನುವ ಮೊದಲೇ ಹಿತ್ತಿಲ ಕಡೆ ನಡೆದಳು. ತಿಮ್ಮರಾಜು ಕುಂಟುತ್ತ ಹಿಂದೆ ಹೋದ.

ಕೊಟ್ಟಿಗೆಯಲ್ಲಿ ಅವಳು ನಿಂತು ಕೇಳಿದಳು. "ಎಷ್ಟು ದಿನ ಆಯ್ತು?"

"ನಾನು ಕುಡಿಯಲ್ಲ ಕನಮ್ಮ, ನಮ್ಮವ್ವನಾಣೆ."

"ಕುಡಿಯೋದಲ್ಲ ಕನ್ರಿ. ಮುದ್ದೆ ಬಿಟ್ಟು ಎಷ್ಟು ದಿನ ಆಯ್ತು?" ಎಂದು ವೇಲು ಇಳಿಸಿದಳು. ತಿಮ್ಮರಾಜುವಿನ ಮೂಗಿಗೆ ಹಲಸಿನ ಹಣ್ಣು, ಉಗುರುಬಣ್ಣ ಎರಡೂ ಒಟ್ಟಿಗೆ ಬಡಿದವು. ಕೆಂಪಿ ಕುತ್ತಿಗೆ ತಿರುಗಿಸಿ ಗೋಡೆ ನೋಡತೊಡಗಿತು.

"ನೀವೂನಾ?" ಎಂದ ತಿಮ್ಮರಾಜು.

"ಮತ್ತೆ? ನಿಮ್ಗೆ ಸಣ್ಣಕಿರೋ ಹುಡ್ಗೀನೇ ಬೇಕಂತಲ್ಲ. ಕರಿಯಯ್ಯ ಅಂದ."

"ನಾನೆಲ್ಲಂದೆ? ನೀವೇ ಅಂತಲ್ಲ ದಪ್ಪ ಆಯ್ತು ಅಂದಿದ್ದು?"

"ಪೋಟೊ ನೋಡಿ, ಉಂಡು ತಿಂದು ಸುಖವಾಗಿರೋ ಮನೆ ಕಂಡಂಗದೆ ಅಂದೆ ಅಷ್ಟೆ."

ಇಬ್ಬರೂ ಒಂದು ಗಳಿಗೆ ಕರಿಯಯ್ಯನನ್ನು ಮನಸ್ಸಿನಲ್ಲೇ ಸುಟ್ಟರು. ಆಮೇಲೆ ಮಾತು ಹರಿಯಿತು. ನಿಮಗೂ ತಲೆ ಸಿಡಿಯುತ್ತದಾ ಎಂದು ಅವನು ಕೇಳಿದ. ಕಣ್ಣು ಬಿಟ್ಟರೆ ಸಾಕು ಎಂದಳು. ಕಾಲು? ಅಪ್ಪನಿಗೆ ಕಾಣದ ಹಾಗೆ ಕುರ್ಚಿ ಕೆಳಗೆ ಕೊಡವಿಕೊಂಡೆ ಎಂದಳು. ಓದಿದ್ದು ಏನೆಂದು ಕೇಳಿದರೆ ಬಿ.ಕಾಂ ಅನ್ನುವುದೇ ನೆನಪಿಗೆ ಬರಲಿಲ್ಲವಂತೆ.

"ಮತ್ತೆ... ಬೆಳಗ್ಗೆ ಹೊತ್ತು?" ಎಂದು ಅವನು ಹಿಂಜರಿಯುತ್ತ ಕೇಳಿದ.

"ಗುರುವಾರ ಒಂಚೂರು" ಎಂದಳು ಅರ್ಪಿತ.

"ನೀವೇ ಪುಣ್ಯವಂತ್ರು."

ಲಗ್ನಕ್ಕೆ ಮುಂಚೆ ಗಂಡು ಹೆಣ್ಣು ಇಷ್ಟು ಮನಸ್ಸು ಬಿಚ್ಚಿ ಮಾತಾಡಿದ್ದು ಆ ಊರಿನಲ್ಲಿ ಅದೇ ಮೊದಲಿರಬೇಕು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಮುದ್ದೆಯ ಹಬೆ ತೇಲಿ ಬಂದಾಗ ಇಬ್ಬರೂ ಒಟ್ಟಿಗೆ ಮೂಗರಳಿಸಿದರು.

"ಬನ್ನಿ, ಅಪ್ಪಂಗೆ ನಾನೇ ಹೇಳ್ತೀನಿ. ಅವರು ಕೂತ್ರೆ ನಾವೂ ಉಣ್ಬೋದು" ಎಂದು ಅವಳು ಓಡಿದಳು. ಬಾಗಿಲ ಹತ್ತಿರ ಅವಳ ಕಾಲೂ ಹಿಡಿಯಿತು. ಅವನು ಆಸರೆ ಕೊಡಲು ಹೋದ, ಅವನದೂ ಹಿಡಿಯಿತು. ಒಬ್ಬರ ಮೇಲೊಬ್ಬರು ವಾಲುತ್ತ, ನಗು ತಡೆಯಲಾರದೆ, ಕೆಂಪು ಕಣ್ಣು ಒರೆಸಿಕೊಳ್ಳುತ್ತ ಇಬ್ಬರೂ ನಡುಮನೆಗೆ ಬಂದರು.

"ಅಪ್ಪ, ಅವರು ಕುಡಿದಿಲ್ಲ. ಬೇಕಾದ್ರೆ ನೋಡಿ, ನನ್ ಬಾಯೂ ಇಂಗೇ ಬತ್ತದೆ" ಎಂದು ಅರ್ಪಿತ ಅಪ್ಪನ ಮುಖಕ್ಕೆ ಹಾ ಎಂದು ಉಸಿರು ಬಿಟ್ಟಳು.

ದೇವಯ್ಯನವರು ಮೂಸಿದರು. ನಂಬಲಾರದೆ ಇನ್ನೊಮ್ಮೆ ಮೂಸಿದರು. ನಿಧಾನವಾಗಿ ತಿಮ್ಮರಾಜುವಿನ ಕಡೆ ತಿರುಗಿದರು.

"ಕೊಟ್ಟಿಗೇಲಿ ಮಡಗಿದ್ದೇನ್ಲಾ? ಅಷ್ಟೊತ್ತಲ್ಲೇ ನನ್ ಮಗಳ್ಗೂ ಕುಡಿಸ್ಬುಟ್ಯಾ?"

"ಅಪ್ಪ, ಅದು ಮೈಯಲ್ಲಿರೋ ಕೊಬ್ಬು..."

"ನಾನೂ ಅದ್ನೇ ಕನವ್ವ ಅಂತಿರೋದು, ಕೊಬ್ಬು ಅಂತ."

ಮಗಳು ಎಷ್ಟು ಬಿಡಿಸಿ ಹೇಳಿದಳೋ ಅಷ್ಟೂ ಕುಡಿದವಳ ಮಾತಾಗಿ ಕೇಳಿಸಿತು. ಕರಿಯಯ್ಯನನ್ನು ಸಾಕ್ಷಿ ಕೇಳೋಣವೆಂದರೆ ಅವನು ಚಪ್ಪಲಿಯನ್ನೂ ಬಿಟ್ಟು ಮಾಯವಾಗಿದ್ದ. ದೇವಯ್ಯನವರು ಕುಸಿದು ಕೂತರು. ಮೀಸೆ ಇಳಿದಿತ್ತು. "ಕುಡಿಯೋನಿಗೆ ಹೆಣ್ಣು ಕೊಡಲ್ಲ ಅಂತ ಊರೂರು ಸುತ್ತಿದ್ನಲ್ಲಮ್ಮ. ಕುಡಿಯೋಳ್ನ ಯಾರು ತಕ್ಕತಾರೆ ಅಂತ ಯೋಚ್ನೆ ಮಾಡಿರ್ಲಿಲ್ಲ. ಇನ್ನು ಈ ಮಗೀಗೆ ನಿಮ್ಮನೇನೆ ಗತಿ."

ಈಗ ಬಿಗಿಯುವ ಸರದಿ ಸೋಮಮ್ಮನದು. "ನನ್ ಮಗ ಗಂಡಸು, ಎಂಗೋ ನಡೀತದೆ. ಎಣ್ಣೆ ಹಾಕೋ ಸೊಸೆ ತಂದು ನಾನೇನ್ ಮಾಡ್ಲಿ?"

ಮಾರಮ್ಮ ಅವಳ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು. "ಕುಡಿಯೋಳಾದ್ರೂ ಹೆಣ್ಣೇ ಕನೆ ಸೋಮಿ. ಇದ್ನೂ ಬುಟ್ರೆ ಕೆಂಪೀಗೇ ತಾಳಿ ಕಟ್ಟಿಸ್ಬೇಕಾಯ್ತದೆ."

ಸೋಮಮ್ಮ ಮಗನನ್ನು ನೋಡಿದಳು, ಕೊಟ್ಟಿಗೆಯ ಕಡೆ ನೋಡಿದಳು, ಎಲೆ ಹಾಕಲು ಹೋದಳು.

ದೇವಯ್ಯನವರು ಕೂತರು. ಮದುವೆ ನಿಶ್ಚಯವಾಯಿತು. ಎದುರು ಸಾಲಿನಲ್ಲಿ ತಿಮ್ಮರಾಜುವನ್ನೂ ಅರ್ಪಿತಳನ್ನೂ ಅಕ್ಕಪಕ್ಕ ಕೂರಿಸಿದರು. ಇಬ್ಬರ ಎಲೆಗೂ ಮುದ್ದೆ ಬಂತು, ನುಣ್ಣಗೆ ಮಿರುಗುತ್ತ, ನೆತ್ತಿಯ ಮೇಲೆ ಹಬೆ ಆಡಿಸುತ್ತ. ಪಕ್ಕದಲ್ಲಿ ನಾಟಿಕೋಳಿ ಸಾರು ಹರಿಯಿತು. ತಿಮ್ಮರಾಜುವಿಗೆ ಪಕ್ಕದಲ್ಲಿ ಹೆಂಡತಿಯಾಗುವವಳಿದ್ದಾಳೆ ಎಂಬುದೂ ಮರೆತುಹೋಯಿತು. ಕೈ ಚಾಚಿದ.

"ನಿಲ್ಲು" ಎಂದರು ದೇವಯ್ಯನವರು. "ನಾಗಮಂಗಲದ ಹತ್ರ ಚಿಕ್ಕಸ್ವಾಮಿ ಅಂತ ಒಬ್ರು ಕುಡ್ತ ಬುಡ್ಸೋ ಮದ್ದು ಕೊಡ್ತಾರೆ. ನನ್ ತಮ್ಮ ಅಲ್ಲೇ ಬುಟ್ಟಿದ್ದು. ನಾಳೇನೆ ಇಬ್ರನ್ನೂ ಕರ್ಕಂಡ್ ಓಯ್ತೀನಿ. ಆದ್ರೆ ಪಥ್ಯ ಇವತ್ತಿಂದ್ಲೇ. ಸಾರಾಯಿ ಮಾಡೋದು ಯಾತ್ರಲ್ಲಿ? ಬೆಲ್ಲದಲ್ಲಿ, ಅಕ್ಕೀಲಿ, ರಾಗೀಲಿ. ಅವು ಹೊಟ್ಟೇಲಿ ಕೂತು ಹುಳಿ ಬಂದ್ರೆ ಮತ್ತೆ ಕುಡಿಯೋ ಆಸೆ ಆಯ್ತದಂತೆ. ಅದ್ಕೆ ಹಿಟ್ಟು, ಅನ್ನ, ಸಿಹಿ, ಮೂರೂ ಮುಟ್ಟಂಗಿಲ್ಲ. ಮೊಟ್ಟೆ, ಬಾಡು, ತುಪ್ಪ ಎಷ್ಟಾದ್ರೂ ತಿನ್ನಿ."

"ಎಲ್ಲಿ ಗಂಟ?" ಎಂದು ಅರ್ಪಿತ ಕೇಳಿದಳು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಲಗ್ನ ಆಗೋ ಗಂಟ. ಆಷಾಢ ಕಳೀಲಿ, ಶ್ರಾವಣದಲ್ಲಿ ಮಾಡ್ಬುಡನ."

ಅವರು ಕೈ ಚಾಚಿ ಇಬ್ಬರ ಎಲೆಯಿಂದಲೂ ಮುದ್ದೆ ಎತ್ತಿ ತಮ್ಮ ಎಲೆಗೆ ಹಾಕಿಕೊಂಡರು. ಸೋಮಮ್ಮ ಮೇಜಿನ ಮೇಲಿದ್ದ ಮೊಟ್ಟೆಯ ತಟ್ಟೆ ತಂದು ಮಗನಿಗೂ ಸೊಸೆಗೂ ಸಮನಾಗಿ ಬಡಿಸಿದಳು. ದೇವಯ್ಯನವರು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ, ಕಣ್ಣು ಮುಚ್ಚಿದರು.

"ಹಿಟ್ಟು ಒಂದ್ ಗಂಟೂ ಇಲ್ದಂಗೆ ತಿರುವಿದ್ದೀರ ಕನ ಬೀಗಮ್ಮ."