ನೀರಿನ ಎಡಗೈ

ಮೊಬೈಲಿನೊಳಗೆ ಕೂತು ದಾರಿ ಹೇಳುವ ಹೆಣ್ಣುಮಗಳ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವಳು ‘ಬಲಕ್ಕೆ ತಿರುಗಿ’ ಅಂದರೆ ನಮ್ಮ ಮನೆಮಂದಿಯೆಲ್ಲ ಮರುಮಾತಿಲ್ಲದೆ ತಿರುಗುತ್ತಾರೆ. ನಾನು ಹೇಳಿದರೆ ಪಾನ್ ಅಂಗಡಿಯವನನ್ನು ಒಂದು ಮಾತು ಕೇಳಿ ಆಮೇಲೆ ತಿರುಗುತ್ತಾರೆ. ನಾನೇನು ದಾರಿ ಅರಿಯದವನಲ್ಲ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಮೂವತ್ತೊಂದು ವರ್ಷ ಕಾಲುವೆಗಳ ನಕಾಶೆ ಬರೆದವನು. ಈಗಲೂ ಪ್ರವಾಸವೆಂದರೆ ಹಿಂದಿನ ದಿನವೇ ಕಾಗದದ ನಕಾಶೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ಮೊಣಕಾಲೂರಿ ಕೂಡುತ್ತೇನೆ. ನನ್ನ ಹೆಂಡತಿ ಗುರುಬಾಯಿ ಅಡುಗೆಮನೆಗೆ ಹೋಗಬೇಕಾದರೆ ರಾಯಚೂರನ್ನು ತುಳಿಯದೆ ದಾಟಬೇಕು. ಸುರಪುರ ಮಾತ್ರ ಸರಿಯಾಗಿ ಮಡಿಕೆಯ ಮೇಲೆ ಬಂದದ್ದರಿಂದ ಸವೆದು ತೂತಾಗಿತ್ತು. ಗುರುಬಾಯಿಯೇ ಹಿಂದಿನಿಂದ ಯಾರದೋ ಲಗ್ನಪತ್ರಿಕೆಯ ತುಂಡು ಅಂಟಿಸಿದಳು. ಹೀಗಾಗಿ ನಮ್ಮ ನಕಾಶೆಯಲ್ಲಿ ಸುರಪುರ ಇರಬೇಕಾದ ಜಾಗದಲ್ಲಿ ‘ಚಿ|| ಸೌ||’ ಎಂದಿದೆ.

ಕಳೆದ ಜನವರಿಯ ಒಂದು ಶನಿವಾರ ನಾವು ನಾರಾಯಣಪುರದ ಅಣೆಕಟ್ಟು ನೋಡಲು ಹೊರಟೆವು. ಗಾಡಿ ಹೊಡೆಯುವವಳು ಮಗಳು ಸವಿತಾ. ಯಾದಗಿರಿಯ ಆಚೆಗಿನ ಒಂದು ಹಳ್ಳಿಯಲ್ಲಿ ಅವಳು ಶಾಲೆಯ ಟೀಚರ್. ದಿನಾ ಎರಡು ಬಸ್ಸು ಬದಲಿಸಿ ಸಾಕಾಗಿ, ಹಳೆಯದೊಂದು ಕಾರು ತೆಗೆದುಕೊಂಡು, ಎರಡು ತಿಂಗಳಲ್ಲಿ ಓಡಿಸಲು ಕಲಿತಿದ್ದಳು. ಇದು ಅವಳ ಮೊದಲ ದೂರದ ಪ್ರಯಾಣ. ಇದು ಸುಸೂತ್ರವಾದರೆ ಸೋಮವಾರದಿಂದ ಕಾರಿನಲ್ಲೇ ಶಾಲೆಗೆ ಹೋಗುವುದೆಂದು ಗೊತ್ತು ಮಾಡಿಕೊಂಡಿದ್ದಳು. ಗುರುಬಾಯಿ ಹಿಂದಿನ ಸೀಟಿನಲ್ಲಿ ಕೂತಳು, ನಾನು ಸವಿತಾಳ ಪಕ್ಕದ ಸೀಟಿನಲ್ಲಿ ನಕಾಶೆ ಹಿಡಿದು ಕೂತೆ. ಮೊಬೈಲಿನ ಬಾಯನ್ನು ನಾನೇ ಮುಚ್ಚಿಸಿ ಕಿಸೆಗೆ ಹಾಕಿಕೊಂಡಿದ್ದೆ.

ಸುರಪುರ ದಾಟಿತು, ರಂಗಂಪೇಟೆ ದಾಟಿತು. ದೊಡ್ಡ ರಸ್ತೆಯಲ್ಲೇ ಹೋಗಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ನನಗೊಂದು ಆಸೆ ಹುಟ್ಟಿತು. ನಕಾಶೆಯ ಮೇಲೆ ನೀಲಿ ಗೆರೆಯಾಗಿ ನಾನೇ ಎಳೆದ ಕಾಲುವೆಯನ್ನು ಅದರ ದಂಡೆಯ ಮೇಲಿಂದ ಒಮ್ಮೆ ನೋಡಬೇಕು. ನಿಜ ಹೇಳಬೇಕೆಂದರೆ ಮೂವತ್ತೊಂದು ವರ್ಷದಲ್ಲಿ ನಾನು ಆ ಕಾಲುವೆಯನ್ನು ಆ ಭಾಗದಲ್ಲಿ ಕಂಡಿರಲಿಲ್ಲ, ಬರೆದಿದ್ದೆ, ಅಷ್ಟೇ. ಸವಿತಾಳನ್ನು ಒಂದು ಸಣ್ಣ ರಸ್ತೆಗೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಕಾಲುವೆ ನಮಗೆ ಎದುರಾಗಿ ಹರಿದು ಬಂದು ರಸ್ತೆಯ ಕೆಳಗೆ ನುಸುಳುವ ಜಾಗ ಬಂತು. ಅಲ್ಲಿಂದ ಮುಂದಕ್ಕೆ ನೀರಿನ ಎರಡೂ ಬದಿಗೆ ಒಂದೊಂದು ಮಣ್ಣಿನ ದಾರಿ.

“ಅಪ್ಪಾ, ಎರಡು ದಾರಿ ಅದಾವ. ಯಾ ಕಡಿ ಹೋಗ್ಲಿ?”

ನಾನು ನಕಾಶೆ ನೋಡಿದೆ. ಎಡದಂಡೆಯ ಮೇಲೆ ಗಾಡಿ ದಾರಿ, ಬಲದಂಡೆಯ ಮೇಲೆ ಬರೀ ಕಾಲುದಾರಿ. ಸಂಶಯವೇ ಇರಲಿಲ್ಲ. “ಎಡಕ್ಕ ತಗೋ. ಅದ ಛಲೋ ದಾರಿ,” ಅಂದೆ. ಅವಳು ಎಡಕ್ಕೆ ತಿರುಗಿಸಿದಳು. ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಮಾತಿಗೆ ತಕ್ಷಣ ತಿರುಗಿದರು.

ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ. ಬೇಗ ಹೇಳಲು ಇನ್ನೂ ಆಗುವುದಿಲ್ಲ. ದಾರಿ ಕಿರಿದಾಗುತ್ತ ಹೋಯಿತು. ಬಲಗಡೆ ನೀರು, ಎಡಗಡೆ ಜಾಲಿ ಪೊದೆ. ಒಂದು ತಿರುವಿನಲ್ಲಿ ಕಾಲುವೆಯ ಮೆಟ್ಟಿಲ ಮೇಲೆ ಕೌದಿ ತೊಳೆಯುತ್ತಿದ್ದ ಒಬ್ಬ ಮುದುಕಿ ಎದ್ದು, ಹಸಿ ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದಳು. ಸವಿತಾ ಬ್ರೇಕ್ ಒತ್ತಿದಳು. ಗಾಡಿ ನಿಂತಿತು. ಇಳಿದು ನೋಡಿದರೆ ಮುಂದೆ ದಂಡೆ ಎಂದೋ ಕುಸಿದು ನೀರಿಗೆ ಜಾರಿತ್ತು. ಮುಂದಿನ ಗಾಲಿಗೂ ಆ ಅಂಚಿಗೂ ನಡುವಿನ ಜಾಗವನ್ನು ನಾನು ಅಳೆದೆ. ಒಂದು ಗೇಣು, ಮೇಲೆ ನಾಲ್ಕು ಬೆರಳು. ನಂಬಿಕೆ ಬರದೆ ಎರಡು ಸಲ ಅಳೆದೆ. ಎರಡೂ ಸಲ ಅಷ್ಟೇ ಬಂತು.

“ಎಲ್ಲಿಗಿ ಹೊಂಟೀಯವ್ವಾ?” ಮುದುಕಿ ಸವಿತಾಳನ್ನು ಕೇಳಿದಳು. “ಮುಂದ ನೀರ ಬಿಟ್ರ ಏನಿಲ್ಲ. ಈ ಕಡಿ ಬಾ ಅಂತ ಯಾರ ಹೇಳ್ಯಾರ?”

ಸವಿತಾ ಸ್ಟಿಯರಿಂಗ್ ಬಿಟ್ಟು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನತ್ತ ನೋಡಲಿಲ್ಲ. “ಯಾರೂ ಹೇಳಿಲ್ಲ ಆಯಿ. ನನಗ ಗಾಡಿ ಹೊಡಿಯಾಕ ಬರಂಗಿಲ್ಲ. ಇನ್ನ ಮುಟ್ಟಾಂಗಿಲ್ಲ. ಸಾಲಿಗಿ ಬಸ್ಸಿನ್ಯಾಗ ಹೋಗ್ತೀನಿ.”

ಮುದುಕಿ ನಮ್ಮನ್ನು ಮೆಟ್ಟಿಲ ಮೇಲೆ ಕೂಡಿಸಿದಳು. ಗಂಟು ಬಿಚ್ಚಿ ತನ್ನ ಎರಡು ರೊಟ್ಟಿಯನ್ನು ನಾಲ್ಕು ಮಾಡಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿ ಕೊಟ್ಟಳು. ನಾನು ರೊಟ್ಟಿ ಹಿಡಿದುಕೊಂಡು ಕಾಲುವೆ ನೋಡಿದೆ. ನೀರು ನಮ್ಮ ಎದುರಿನಿಂದ ಹರಿದು ಬರುತ್ತಿತ್ತು. ಆಗ ತಿಳಿಯಿತು. ನೀರಾವರಿಯವರ ಲೆಕ್ಕದಲ್ಲಿ ನೀರು ಹರಿಯುವ ಕಡೆ ಮುಖ ಮಾಡಿ ನಿಂತರೆ ಎಡಗೈಗೆ ಬರುವುದು ಎಡದಂಡೆ. ನಾವು ನೀರಿಗೆ ಎದುರಾಗಿ ಹೊರಟಿದ್ದೆವು. ನಾನು ಹೇಳಿದ ಎಡ ಸವಿತಾಳ ಬಲವಾಗಿತ್ತು. ಕಚೇರಿಯಲ್ಲಿ ಯಾರೂ ಯಾರನ್ನೂ ‘ಯಾರ ಎಡ?’ ಎಂದು ಕೇಳುತ್ತಿರಲಿಲ್ಲ. ಮಗಳೂ ಕೇಳಿರಲಿಲ್ಲ, ಅಪ್ಪನನ್ನು ನಂಬಿದ್ದಳು.

ಸುಮ್ಮನಿದ್ದುಬಿಡಬಹುದಿತ್ತು. ಮಗಳೇ ಮುಚ್ಚಿಟ್ಟಿದ್ದಳಲ್ಲ.

“ಸವಿತಾ, ತಪ್ಪು ನಿಂದಲ್ಲ,” ಅಂದೆ. “ನಾ ಹೇಳಿದ್ದು ನಿನ್ನ ಎಡ ಅಲ್ಲವ್ವಾ. ನೀರಿನ ಎಡ.”

“ನೀರಿಗಿ ಕೈ ಅದಾವೇನ್ರಿ?” ಎಂದು ಗುರುಬಾಯಿ ಕೇಳಿದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಹಿಂಡಿ ಹತ್ತಿದ ಬೆರಳು ನೆಕ್ಕುತ್ತ, “ಮದಿವ್ಯಾದಾಗಿಂದ ಮೊದಲ್ನೇ ಸಲ ತಪ್ಪಾತು ಅಂದಾರ. ಬರದ ಇಟ್ಕೋ ಸವಿತಾ,” ಅಂದಳು. ಸವಿತಾ ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಗಾಡಿಯಲ್ಲಿ ಕೂತಳು.

ತಿರುಗಿಸಲು ಜಾಗವಿರಲಿಲ್ಲ, ಹಿಂದಕ್ಕೇ ಬರಬೇಕು. ದಾರಿ ತೋರಿಸಲೆಂದು ನಾನು ಗಾಡಿಯ ಹಿಂದೆ ಹೋಗಿ ನಿಂತೆ.

“ಯಜಮಾನ್ರ, ನೀವು ಅತ್ಲಾಗ ಸರೀರಿ,” ಅಂದಳು ಮುದುಕಿ. “ನಿಮ್ಮ ಎಡ ಬಲ ಸಾಕು.” ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ತಾನೇ ಹಿಂದೆ ನಡೆದಳು. “ನೀರಿನ ಕಡಿ ಬ್ಯಾಡ... ಜಾಲಿ ಕಡಿ ಬಾ... ಹಾಂ, ಹಿಂಗ ಬಾ ನನ್ನವ್ವಾ.” ಎಡ ಎನ್ನಲಿಲ್ಲ, ಬಲ ಎನ್ನಲಿಲ್ಲ. ಸುಮಾರು ಇನ್ನೂರು ಹೆಜ್ಜೆ. ಸವಿತಾ ಗಾಡಿಯನ್ನು ರಸ್ತೆಗೆ ತಂದು ನಿಲ್ಲಿಸಿದಳು. ಮುದುಕಿಗೆ ಕೈ ಮುಗಿದೆ. “ಕೌದಿ ಒಣಗಾಕ ಹಾಕ್ಬೇಕ್ರಿ, ಬಿಸಲ ಹೋಗ್ತದ,” ಎಂದು ಅವಳು ಹೊರಟೇಹೋದಳು. ಹೆಸರು ಕೇಳುವುದನ್ನು ಮರೆತೆ. ಈಗ ದಿನಾ ನೆನೆಯುತ್ತೇನೆ, ಹೆಸರಿಲ್ಲದೆಯೇ.

ಆ ದಿನ ಅಣೆಕಟ್ಟನ್ನೂ ನೋಡಿದೆವು. ಮರುದಿನ, ಭಾನುವಾರ, ಸವಿತಾ ತಾನಾಗಿಯೇ ಬಂದು, “ಅಪ್ಪಾ, ಆ ನಕಾಶಿ ಕೊಡು. ನಾಳಿ ಕಾರಿನ್ಯಾಗ ಇರ್ಲಿ,” ಅಂದಳು. ಕೊಡುವ ಮುನ್ನ ಕೆಂಪು ಶಾಯಿಯಲ್ಲಿ ಅದರ ಅಂಚಿನ ಮೇಲೆ ಬರೆದೆ: ‘ತಿದ್ದುಪಡಿ: ಈ ನಕಾಶೆಯನ್ನು ಹಿಡಿದವರು ಹೇಳುವ ಎಡವು ಗಾಡಿ ನಡೆಸುವವರ ಎಡವಾಗಿರತಕ್ಕದ್ದು.’ ಕೆಳಗೆ ಸಹಿ ಹಾಕಿದೆ.

ಸವಿತಾ ಓದಿದಳು. “ಸಹಿ ಐತಿ, ಕಚೇರಿ ಶಿಕ್ಕಾ ಒತ್ತಿಲ್ಲ. ಹ್ಯಾಂಗ ನಂಬೂದು?”

ಒಗ್ಗರಣೆಗೆ ಅರಿಶಿನ ಹಾಕುತ್ತಿದ್ದ ಗುರುಬಾಯಿ ಹಾಗೇ ಎದ್ದು ಬಂದು ನನ್ನ ಸಹಿಯ ಮೇಲೆ ಅರಿಶಿನ ಹತ್ತಿದ ಹೆಬ್ಬೆಟ್ಟು ಒತ್ತಿ, “ತಗೋ, ಶಿಕ್ಕಾ,” ಅಂದು ಒಳಗೆ ಹೋದಳು. ಅದು ಎಡಗೈಯದೋ ಬಲಗೈಯದೋ ನಾನು ನೋಡಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.