ತಾರೀಖಿನ ಜಾಗದ ಕಲ್ಲುಹೂವು

ಇವತ್ತಿನ ಕೆಲಸವನ್ನು ನಾಳೆಗೆ ಬಿಡುವವರನ್ನು ಕಂಡರೆ ನನಗಾಗದು. ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ನನ್ನ ಸಮಾಧಿಯ ಕಲ್ಲನ್ನೂ ಮೊದಲೇ ಮಾಡಿಸಿಟ್ಟಿದ್ದೇನೆ. ಇದರಲ್ಲಿ ವೈರಾಗ್ಯವೇನಿಲ್ಲ. ನಮ್ಮಲ್ಲಿ ಸತ್ತವರನ್ನು ಸ್ವಂತ ತೋಟದಲ್ಲೇ ಹೂಳುವುದು ವಾಡಿಕೆ. ಅಪ್ಪನ ಕಲ್ಲಿನ ಮೇಲೆ ಅವರ ಹೆಸರು, ತಡವಾಗಿ ಬಂದ ಹುಡುಗರು ಸಾಲಿನಲ್ಲಿ ನಿಂತಂತೆ ಸೊಟ್ಟಗಿದೆ. ನನಗೂ ಆ ಗತಿ ಬೇಡವೆಂದು ತರೀಕೆರೆಯ ಕಲ್ಲುಕುಟಿಗನ ಎದುರು ಸ್ಕೇಲು ಹಿಡಿದು ಕೂತು ಕೆತ್ತಿಸಿದೆ. ಸಾಯುವ ತಾರೀಖಿನ ಜಾಗವನ್ನಷ್ಟೇ ಖಾಲಿ ಬಿಡಿಸಿ, ಬುಕ್ಕಾಂಬುಧಿ ದಾರಿಯ ನಮ್ಮ ತೋಟದಲ್ಲಿ ಅಪ್ಪನ ಪಕ್ಕ ನಿಲ್ಲಿಸಿದೆ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ ಬರುತ್ತೇನೆ.

ಕೆಲವು ವರ್ಷಗಳಾದ ಮೇಲೆ ಅದರಲ್ಲಿ ಕಲ್ಲುಹೂವು ಕಾಣಿಸಿತು; ಮಸಾಲೆಗೆ ಹಾಕುತ್ತೇವಲ್ಲ, ಅದೇ ಬೂದುಬಣ್ಣದ, ಅಂಚು ಸುರುಳಿಯಾದ ಜಾತಿ. ನುಣುಪು ಮಾಡಿದ ಕಡೆ ಹಿಡಿಯಲಿಲ್ಲ. ತಾರೀಖಿಗೆಂದು ಕುಟಿಗ ಒರಟಾಗಿ ಬಿಟ್ಟಿದ್ದ ಗೇಣಗಲದ ಜಾಗದಲ್ಲಿ ಮಾತ್ರ ಬೆಳೆಯಿತು. ಒರಟು ಕಲ್ಲು, ನೆರಳು, ಬೆಳಗಿನ ಇಬ್ಬನಿ, ಅದಕ್ಕೆ ಬೇಕಾದದ್ದು ಇಷ್ಟೇ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಅದು ನಿಧಾನವಾಗಿ ಹಬ್ಬಿ, ಸ್ಪಷ್ಟವಾಗಿ ಕನ್ನಡದ ೨೪ ಆಯಿತು. ಪಕ್ಕದ ತೋಟದ ರುದ್ರಪ್ಪನನ್ನು ಕರೆದು ಏನು ಕಾಣುತ್ತದೆ ಎಂದು ಕೇಳಿದೆ. ಅವನು ಕಲ್ಲು ನೋಡಿದ, ನನ್ನ ಮುಖ ನೋಡಿದ, ಚಪ್ಪಲಿ ಬಿಟ್ಟು ಕಲ್ಲಿಗೆ ಕೈಮುಗಿದು ಹೊರಟುಹೋದ.

ಅಂದಿನಿಂದ ಪ್ರತಿ ತಿಂಗಳ ಇಪ್ಪತ್ತನಾಲ್ಕರಂದು ಒಗೆದ ಪಂಚೆ ಉಟ್ಟು, ಪಹಣಿ ಪತ್ರಗಳನ್ನು ಮೇಜಿನ ಮೇಲೆ ಜೋಡಿಸಿ, ಕೈಕಾಲು ನೆಟ್ಟಗೆ ಚಾಚಿ ಮಲಗತೊಡಗಿದೆ. ಗೋಡೆ ಗಡಿಯಾರದ ಸದ್ದು ಎದೆಯೊಳಗಿಂದ ಬಂದಂತಾಗುತ್ತಿತ್ತು. ಅದು ಒಂದು ಟಿಕ್ ತಡಮಾಡಿದರೆ ನಾನೂ ಉಸಿರು ಹಿಡಿಯುತ್ತಿದ್ದೆ. ಹೆಂಡತಿ ಶಾಂತಮ್ಮ ಐದು ತಿಂಗಳು ಸಹಿಸಿದಳು. ಆರನೆಯ ಸಲ ಬಾಗಿಲಲ್ಲಿ ನಿಂತು, "ಗ್ಯಾಸ್ ಮುಗ್ದೈತೆ ಕಣ್ರೀ. ಬುಕ್ ಮಾಡ್ಬಿಟ್ಟು ಸಾಯ್ತಾ ಮಲ್ಕೊಳ್ಳಿ," ಅಂದಳು. ಎದ್ದು ಬುಕ್ ಮಾಡಿದೆ.

ಅಂದು ಮಧ್ಯಾಹ್ನದ ಸಾರು ಎಂದಿಗಿಂತ ಘಮಘಮ. ಎರಡನೆಯ ಸಲ ಬಡಿಸಿಕೊಂಡು ಕಾರಣ ಕೇಳಿದೆ.

"ನಿನ್ನೆ ತೋಟಕ್ಕೆ ಹೋಗಿದ್ನಲ್ಲ, ನಿಮ್ಮ ಕಲ್ಲಿನ್ ಮೇಲಿಂದು ಕೆರ್ಕೊಂಡು ಬಂದೆ. ಅಂಗಡೀದು ಇಷ್ಟು ಚೆನ್ನಾಗಿರಲ್ಲ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. ಆಮೇಲೆ ಎತ್ತಿ ಉಂಡೆ.

ಭಾನುವಾರ ಹೋಗಿ ನೋಡಿದರೆ ನನ್ನ ಹೆಸರಿನ ಕೆಳಗೆ ಬೋಳು ಕಲ್ಲು. ನಿರಾಳವಾಗಬೇಕಿತ್ತು. ಆದರೆ ಮೊದಲು ತಿಂಗಳಿಗೆ ಒಂದು ದಿನ ಸಿದ್ಧನಾಗಿದ್ದರೆ ಸಾಕಿತ್ತು. ಈಗ ದಿನವೂ ಪಂಚೆ ಒಗೆದಿಡಬೇಕು, ದಿನವೂ ಪತ್ರ ಜೋಡಿಸಬೇಕು. ಮೊನ್ನೆ ಶಾಂತಮ್ಮ ಕಾಣದಂತೆ ಆ ಒರಟು ಜಾಗಕ್ಕೆ ಒಂದು ತಂಬಿಗೆ ನೀರು ಚಿಮುಕಿಸಿ ಬಂದೆ.