ಮೂವತ್ತು ದಿನದ ಕರಾರು

ವಿಮೆ ಕಾಗದ ಓದಿ ನಕ್ಕವರನ್ನು ನಾನು ಕಂಡಿಲ್ಲ. ಆದರೆ ನನ್ನ ಓರಗಿತ್ತಿ ಪಕ್ಕದಲ್ಲಿ ಕೂತರೆ ಪುಟಕ್ಕೊಂದು ನಗು ಹುಟ್ಟುತ್ತದೆ. ಮನೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ, ಎಲ್ಲರ ಪಾಲಿಸಿಗಳೂ ನನ್ನ ಬೀರುವಿನಲ್ಲಿ, ಹೆಸರು ಬರೆದ ಫೈಲುಗಳಲ್ಲಿವೆ. ಅವಳು ಓದಿದ್ದು ಏಳನೇ ಕ್ಲಾಸು. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ನಾಲ್ಕು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ.

ಏಜೆಂಟರ ಕಾಫಿ

ಅವಳ ಗಂಡ, ಅಂದರೆ ನನ್ನ ಮೈದುನನ ಹತ್ತು ಲಕ್ಷದ ಜೀವವಿಮೆಗೆ ಗಂಭೀರ ಕಾಯಿಲೆಯ ರೈಡರ್ ಎಂಬ ಹೆಚ್ಚುವರಿ ಕರಾರು ಸೇರಿಸಲು ಏಜೆಂಟರು ಬಂದರು. ಹಾರ್ಟ್ ಅಟ್ಯಾಕು, ಕ್ಯಾನ್ಸರು ಇಂಥದ್ದು ಬಂದರೆ, ಆಸ್ಪತ್ರೆ ಬಿಲ್ಲು ಎಷ್ಟೇ ಇರಲಿ, ಐದು ಲಕ್ಷ ಒಟ್ಟಿಗೆ ಕೈಗೆ ಬರುತ್ತದೆ ಎಂದರು. ನಾನು ಸಹಿ ಹಾಕುವ ಜಾಗ ತೋರಿಸುತ್ತಿದ್ದೆ. ಓರಗಿತ್ತಿ ಕೇಳಿದಳು: “ಆ ಐದು ಲಕ್ಷ ಬೇರೇನಾ, ಇಲ್ಲ ಅದ್ರಾಗೇ ಮುರ್ಕೊಂಡು ಕೊಡೋದಾ?”

ಏಜೆಂಟರ ಕಾಫಿ ಲೋಟ ಬಾಯಿಗೆ ತಲುಪಲಿಲ್ಲ. “ಎರಡು ಥರ ಇದೆ ತಾಯಿ. ಇದು ಹತ್ತರಲ್ಲೇ ಮೊದಲು ಕೊಡೋದು. ಆಮೇಲೆ ಸಾವಿಗೆ ಉಳಿಯೋದು ಐದು. ಬೇರೆಯಾಗಿ ಬೇಕಂದ್ರೆ ಕಂತು ಜಾಸ್ತಿ.”

“ಇದೇ ಬರ್ಕಳಿ,” ಎಂದಳು.

“ನಿಮ್ಮಂಥವರು ಏಜೆನ್ಸಿ ತಗೋಬೇಕು ತಾಯಿ.”

“ಬ್ಯಾಡಪ್ಪ. ನಮ್ ಹಸು ಒದೆಯೋಕೆ ಮುಂಚೆ ಕಿವಿನಾದ್ರೂ ಆಡಿಸ್ತದೆ. ನೀವು ಅದೂ ಮಾಡಲ್ಲ.”

ಕಾಯಿಲೆ ಪಟ್ಟಿ

ಯಾವ ಕಾಯಿಲೆಗೆ ರೈಡರ್ ಹಣ ಸಿಗುತ್ತದೆಂಬ ಪಟ್ಟಿಯನ್ನು ಮೈದುನ ನನ್ನಿಂದ ಓದಿಸಿದ. “ಮಂಡಿನೋವು ಐತಾ ಅತ್ತಿಗೆ?” ಇಲ್ಲ. “ಗ್ಯಾಸು?” ಇಲ್ಲ. “ಸೊಂಟ ಇಡ್ಕೊಳೋದು?” ಇಲ್ಲಪ್ಪ.

“ದುಡ್ಡು ಕಟ್ಟಿನೂ ಒಂದು ಕಾಯ್ಲೆ ಸರಿಯಾಗಿ ಬರ್ಸ್ಕೊಳಕ್ಕೆ ಬರಲ್ಲ ನಿಂಗೆ,” ಎಂದಳು ಹೆಂಡತಿ.

ಸುಣ್ಣದ ಗೆರೆ

ಎರಡು ವರ್ಷದ ಮೇಲೆ ಅವನಿಗೆ ನಿಜವಾಗಿಯೂ ಹಾರ್ಟ್ ಅಟ್ಯಾಕ್ ಆಯಿತು. ಆಗ ಯಾರೂ ನಗಲಿಲ್ಲ. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ. ನಾನು ಫೈಲು ತೆಗೆದು ಓದಿದೆ: ರೋಗ ಪತ್ತೆಯಾದ ಮೇಲೆ ಮೂವತ್ತು ದಿನ ಬದುಕಿದ್ದರೆ ಮಾತ್ರ ರೈಡರ್ ಹಣ. ಅಷ್ಟರೊಳಗೆ ಹೋದರೆ ಅದಿಲ್ಲ, ಸಾವಿನ ಹಣ ಪೂರ್ತಿ ಹತ್ತು ಲಕ್ಷ ಬರುತ್ತದೆ.

“ಆ ದೊಡ್ಡ ದುಡ್ಡು ಬ್ಯಾಡಕ್ಕ,” ಎಂದಳು ಓರಗಿತ್ತಿ. “ನಂಗೆ ಚಿಕ್ಕದೇ ಬರ್ಲಿ.”

ಹಸು ಈಯುವ ದಿನ ಗುರುತು ಹಾಕುವ ಕೊಟ್ಟಿಗೆ ಗೋಡೆಯಲ್ಲೇ ದಿನಕ್ಕೊಂದು ಸುಣ್ಣದ ಗೆರೆ ಎಳೆದಳು. ಉಪ್ಪಿಲ್ಲದ ಸಾರು, ಮಾತ್ರೆ, ಎಲ್ಲ ಹೊತ್ತಿಗೆ ಸರಿಯಾಗಿ. ಒಂಬತ್ತನೇ ಗೆರೆಯ ದಿನ ಊರಿಗಾಂನಿಂದ ಅವಳ ಸೋದರಮಾವ ರೋಗಿಯನ್ನು ನೋಡಲು ಮಟನ್ ಬಿರಿಯಾನಿ ಹಿಡಿದು ಬಂದರು. ಕ್ಯಾರಿಯರ್ ಮುಚ್ಚಳ ತೆಗೆಯಲೂ ಬಿಡಲಿಲ್ಲ: “ಮೂವತ್ತೊಂದ್ನೇ ದಿನ ತಗೊಂಬಾ ಮಾವ.”

ಮುನಿಸು

ದಿನ ತುಂಬಿತು. ಇ.ಸಿ.ಜಿ., ರಕ್ತಪರೀಕ್ಷೆ, ಡಿಸ್ಚಾರ್ಜ್ ಕಾಗದ ಎಲ್ಲ ಜೋಡಿಸಿ ಕೊಟ್ಟೆ. ಐದು ಲಕ್ಷ ಬಂತು. ಆದರೆ ಮೈದುನ ಮಂಚದ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. “ಅತ್ತಿಗೆ, ಇನ್ನು ನಾನು ಸತ್ರೆ ಐದೇ ಲಕ್ಷ ತಾನೆ? ನನ್ ಬೆಲೆ ಅರ್ಧಕ್ಕಿಳಿದೋಯ್ತಲ್ಲ!”

ನಾನು ಕಾಗದಗಳನ್ನು ಫೈಲಿಗೆ ಸೇರಿಸುತ್ತಿದ್ದೆ. ಓರಗಿತ್ತಿ ಅವನ ಚಪ್ಪಲಿ ತಂದು ಕಾಲ ಮುಂದೆ ಹಾಕಿದಳು.

“ಅರ್ಧ ಬೆಲೆಗೆ ನಾನು ಒಂದು ಕರೂನೂ ಬಿಟ್ಕೊಟ್ಟೋಳಲ್ಲ, ನಿನ್ನ ಬಿಡ್ತೀನಾ? ಏಳು, ಡಾಕ್ಟ್ರು ದಿನಾ ನಡೀಬೇಕು ಅಂದವ್ರೆ!”